ನಾಲ್ಕು ಮನೆಯ ಬುತ್ತಿ

ನನ್ನ ಕಾಯಿಲೆಗೆ ಸರಿಯಾದ ಹೆಸರು ಸಿಗುವ ಮೊದಲು ನಮ್ಮ ಓಣಿಯಲ್ಲಿ ಅದಕ್ಕೆ ಐದಾರು ಹೆಸರುಗಳಿದ್ದವು. ಕಾಮಣಿ, ಕಾಮಾಲೆ ಅಂದರು. ಟಿ.ಬಿ. ಅಂದರು. ಆಯಿ, ಅಂದರೆ ಅಪ್ಪನ ತಾಯಿ, ದೃಷ್ಟಿ ಅಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, 'ನೋಡ್ರಿ, ಜರಾನೂ ಘಾಟು ಬರಲಿಲ್ಲ' ಎಂದು ಸಾಕ್ಷಿ ತೋರಿಸಿದಳು. ಗೆಳೆಯರು ಯಾವುದೋ ಹುಡುಗಿಯ ಕಥೆ ಕಟ್ಟಿದರು. ಅಪ್ಪನದು ಮಾತ್ರ ಒಂದೇ ಮಾತು: 'ಸೊಕ್ಕು.'

ಆಗ ನನಗೆ ಇಪ್ಪತ್ತು ವರ್ಷ. ಶಹಾಬಾದಿನಲ್ಲಿ ಮನೆ, ಕಲಬುರಗಿಯಲ್ಲಿ ಕಾಲೇಜು, ದಿನಾ ರೈಲಿನಲ್ಲಿ ಓಡಾಟ. ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಮಷೀನ್ ಮೇಲೆ ಕೆಲಸ ಮಾಡುತ್ತಿದ್ದ. ಅವ್ವ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅಕ್ಕನನ್ನು ಸೇಡಂಗೆ ಮದುವೆ ಮಾಡಿ ಕೊಟ್ಟಿದ್ದೆವು.

ಸಣ್ಣವನಿದ್ದಾಗಿನಿಂದ ನಾನು ದಪ್ಪ. ಅಕ್ಕನ ಮದುವೆಯ ಪಂಕ್ತಿಯಲ್ಲಿ ಬೀಗರ ಕಡೆಯವರೊಬ್ಬರು ಅಪ್ಪನಿಗೆ, 'ಹುಡುಗೀನ ನಮಗ ಕೊಟ್ಟಿರಿ, ಹುಡುಗನ್ನ ನೀವೇ ಇಟಗೋರಿ ಬೀಗರ, ನಮ್ಮ ಮನ್ಯಾಗ ಜ್ವಾಳ ಸಾಲಂಗಿಲ್ಲ' ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿದ್ದ ಹೋಳಿಗೆ ಮಾತ್ರ ಮತ್ತೆ ತಾಟಿಗೆ ಇಳಿಯಿತು.

ಅದೇ ಸುಮಾರಿಗೆ ಗೆಳೆಯರು ಪೊಲೀಸ್ ಭರ್ತಿಗೆಂದು ಬೆಳಗಿನ ಜಾವ ಮೈದಾನದಲ್ಲಿ ಓಡಲು ಶುರುಮಾಡಿದ್ದರು. ನಾನೂ ಸೇರಿಕೊಂಡೆ. ಮೈ ಇಳಿಯತೊಡಗಿದಾಗ ಮಂದಿ ಹೊಗಳಿದರು. ಜೀವನದಲ್ಲಿ ಮೊದಲ ಸಲ ಓಣಿಯ ಹೆಂಗಸರು ಅವ್ವನನ್ನು ನಿಲ್ಲಿಸಿ, 'ನಿನ್ನ ಮಗ ಭಾಳ ಛಂದ ಕಾಣಲಿಕತ್ತಾನ' ಎಂದರು. ಆ ಮಾತು ನನಗೆ ಬೇಕೇಬೇಕಾಯಿತು. ಮುಂದೆ ನಾನು ಏನೇನು ಮಾಡಿದೆ, ಎಷ್ಟು ಬಿಟ್ಟೆ, ಹೇಗೆ ಬಚ್ಚಿಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಯಾರಾದರೂ ನಾನಿದ್ದ ಜಾಗದಲ್ಲೇ ಇದ್ದರೆ ಅವರಿಗೆ ಅದು ಪಾಠವಾಗುವ ಬದಲು ಉಪಾಯವಾಗಿಬಿಡಬಹುದು. ಇಷ್ಟು ಹೇಳುತ್ತೇನೆ: ಗೆಳೆಯರು ಓಟ ಮುಗಿಸಿ ಚಹಾದಂಗಡಿಗೆ ಹೋಗುತ್ತಿದ್ದರು, ನನಗೆ ನಿಲ್ಲಿಸುವುದೇ ಆಗುತ್ತಿರಲಿಲ್ಲ. ಭರ್ತಿಯ ದಿನ ಬಂದಾಗ ನಾನು ಹೋಗಲೇ ಇಲ್ಲ. ಆ ಹೊತ್ತಿಗೆ ರೈಲ್ವೆ ಮೇಲ್ಸೇತುವೆಯ ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಮನೆಯಲ್ಲಿ ಸುಳ್ಳಿನ ಮೇಲೆ ಸುಳ್ಳು. ಕಾಲೇಜಿನಲ್ಲಿ ಉಂಡೆ, ಗೆಳೆಯನ ಮನೆಯಲ್ಲಿ ತಿಂದೆ, ಹೊಟ್ಟೆ ಸರಿ ಇಲ್ಲ. ಒಂದು ಸಂಜೆ ಅಪ್ಪ ಕೆಲಸದಿಂದ ಬಂದವನು ಹುಬ್ಬಿನ ಮೇಲಿನ ಕಲ್ಲಿನ ಪುಡಿಯನ್ನೂ ತೊಳೆಯದೆ ನನ್ನ ಎದುರು ಕುಳಿತ. ಅವ್ವ ರೊಟ್ಟಿ, ತೊಗರಿ ಬೇಳೆ ಬಡಿಸಿದಳು.

'ಉಣ್ಣು,' ಅಂದ ಅಪ್ಪ.

ನಾನು ತಾಟು ನೋಡುತ್ತ ಕುಳಿತೆ.

'ನಿನಗೇ ಹೇಳ್ಲಿಕತ್ತೀನಿ. ನನ್ನ ಕಣ್ಣ ಮುಂದ ಉಣ್ಣು.'

ರೊಟ್ಟಿ ಮುರಿದೆ. ಬಾಯಿಗೆ ಒಯ್ಯಲಾಗಲಿಲ್ಲ. ಅಪ್ಪ ತಾಟನ್ನು ಎತ್ತಿ ಅಂಗಳಕ್ಕೆ ಒಗೆದ. ಬೇಳೆ ಗೋಡೆಗೆಲ್ಲ ಚಿಮ್ಮಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಒಳಗೊಳಗೇ ನೆಮ್ಮದಿಪಟ್ಟೆ, ಇವತ್ತಿನ ಊಟ ತಪ್ಪಿತು ಎಂದು. ನನ್ನ ಕಾಯಿಲೆ ಎಂಥದ್ದು ಎಂದು ಯಾರಾದರೂ ಕೇಳಿದರೆ ನಾನು ಈ ನೆಮ್ಮದಿಯನ್ನೇ ಹೇಳುತ್ತೇನೆ.

ಕೆಲವು ದಿನಗಳಲ್ಲೇ ಶಹಾಬಾದ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬಿದ್ದೆ. ಅಲ್ಲಿಂದ ದವಾಖಾನೆಗಳ ಸುತ್ತಾಟ. ರಕ್ತ ಪರೀಕ್ಷೆ, ಎದೆಯ ಫೋಟೊ, ಹೊಟ್ಟೆಯ ಸ್ಕ್ಯಾನ್. ಬೆಂಚಿನ ಮೇಲೆ ಕುಳಿತು ನಮ್ಮ ಹೆಸರು ಕೂಗುವುದನ್ನು ಕಾಯುವುದೇ ಅವ್ವನಿಗೂ ನನಗೂ ನೌಕರಿಯಾಯಿತು. ಪ್ರತಿಸಲ ರಿಪೋರ್ಟಿನಲ್ಲಿ ದೊಡ್ಡದೇನೂ ಇಲ್ಲ ಎಂದು ಬಂದಾಗ ಅವ್ವ ದೇವರಿಗೆ ಕೈಮುಗಿಯುತ್ತಿದ್ದಳು, ಅಪ್ಪನ ಸಿಟ್ಟು ಇನ್ನಷ್ಟು ಏರುತ್ತಿತ್ತು. ರೋಗವೇ ಇಲ್ಲದವನು ಉಣ್ಣುವುದಿಲ್ಲ ಅಂದರೆ ಸೊಕ್ಕಲ್ಲದೆ ಇನ್ನೇನು?

ಕಲಬುರಗಿಯ ಒಂದು ದೊಡ್ಡ ದವಾಖಾನೆಯಲ್ಲಿ ವಯಸ್ಸಿನಲ್ಲಿ ನಮ್ಮ ಅಕ್ಕನಷ್ಟೇ ಇದ್ದ ಡಾಕ್ಟರಮ್ಮ ರಿಪೋರ್ಟುಗಳನ್ನು ಬದಿಗಿಟ್ಟು, ಅಪ್ಪ ಅವ್ವ ಇಬ್ಬರನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ನನ್ನನ್ನು ಕೇಳಿದರು:

'ತಾಟು ಮುಂದ ಬಂದ್ರ ನಿನಗ ಅಂಜಿಕಿ ಆಗ್ತದೇನು?'

ಅಷ್ಟು ದಿನ ಎಲ್ಲರೂ ಯಾಕೆ ಉಣ್ಣುವುದಿಲ್ಲ ಎಂದು ಕೇಳಿದ್ದರು. ಅಂಜಿಕೆ ಆಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ನಾನು ಅಲ್ಲೇ ಅತ್ತೆ. ಎಂದಿನಿಂದಲೋ ತಡೆದಿಟ್ಟ ಅಳು, ನಿಲ್ಲಲಿಲ್ಲ. ಅವರು ಅವಸರ ಮಾಡಲಿಲ್ಲ. ಹೊರಗೆ ಸರದಿಯಲ್ಲಿದ್ದವರು ಬಾಗಿಲು ಬಡಿದರೂ ಏಳಲಿಲ್ಲ.

ಆಮೇಲೆ ಅಪ್ಪ ಅವ್ವನನ್ನು ಕರೆದು, ಇದು ಊಟಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆ, ಹುಡುಗ ಬೇಕೆಂದು ಮಾಡುತ್ತಿರುವುದಲ್ಲ, ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ ಎಂದರು.

'ಇದು ಹುಡುಗ್ಯಾರ ರೋಗ ಅಲ್ಲೇನ್ರಿ?' ಅಂದ ಅಪ್ಪ.

'ರೋಗಕ್ಕ ಅದು ಗೊತ್ತಿಲ್ರಿ,' ಅಂದರು ಡಾಕ್ಟರಮ್ಮ.

ಹತ್ತು ದಿನ ಅಲ್ಲೇ ಇಟ್ಟುಕೊಂಡು ಜೀವ ಉಳಿಯುವಷ್ಟು ಚೇತರಿಸುವಂತೆ ಮಾಡಿ ಕಳಿಸುವಾಗ ಒಂದು ಶರತ್ತು ಹಾಕಿದರು. ಪ್ರತಿ ಶನಿವಾರ ಅದೇ ದವಾಖಾನೆಯ ಹಿಂದಿನ ಕಟ್ಟಡದಲ್ಲಿ ಇಂಥದ್ದೇ ಕಾಯಿಲೆಯ ಇನ್ನೂ ಮೂರು ಮನೆಯವರು ಒಟ್ಟಿಗೆ ಕೂರುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಮಾತಾಡುತ್ತಾರೆ, ನಾವೂ ಬರಬೇಕು. ನಾನೊಬ್ಬನೇ ಅಲ್ಲ, ಮನೆಯವರೆಲ್ಲ.

'ರೋಗ ಅವಂದು. ನಾ ಯಾಕ ಹೋಗಿ ಕುಂದ್ರಲಿ?' ಎಂದು ಅಪ್ಪ ಮನೆಗೆ ಬಂದು ಗೊಣಗಿದ.

ಅವ್ವ ಹೊಲಿಗೆ ಮಷೀನಿನಿಂದ ತಲೆ ಎತ್ತಲಿಲ್ಲ. 'ತಾಟು ಒಗದವರು ನೀವಲ್ಲೇನು?' ಅಂದಳು.

ಅಪ್ಪ ಬಂದ.

ಮೊದಲ ಶನಿವಾರ ಆ ಕಟ್ಟಡದ ಪಡಸಾಲೆಯಲ್ಲಿ ಎದುರುಬದರು ಎರಡು ಬೆಂಚು. ನಾಲ್ಕು ಮನೆಯವರೂ ನೆಲ ನೋಡುತ್ತ ಕುಳಿತಿದ್ದೆವು. ಅಪ್ಪನ ಪಕ್ಕದಲ್ಲಿ ಧೋತರ ಉಟ್ಟ ಒಬ್ಬರಿದ್ದರು, ಚಿತ್ತಾಪುರದ ಹತ್ತಿರದ ದಂಡೋತಿಯ ಹಣಮಂತಪ್ಪ. ಅವರೇ ಮೊದಲು ಕೇಳಿದರು.

'ಯಾವೂರ್ರಿ ನಿಮ್ದು?'

'ಶಹಾಬಾದ.'

'ಕಲ್ಲಿನ ಕೆಲಸೇನ್ರಿ?'

'ಹೂನ್ರಿ. ನಿಮ್ದು?'

'ತೊಗರಿ. ಕಾಗಿಣಾ ಹೊಳಿ ದಂಡಿ ಮ್ಯಾಲ ಹೊಲ ಅದ.'

ತೊಗರಿಗೆ ಬಿದ್ದ ಹುಳದ ಬಗ್ಗೆ, ಕಲ್ಲಿನ ಧೂಳಿನ ಕೆಮ್ಮಿನ ಬಗ್ಗೆ ಇಬ್ಬರೂ ಅರ್ಧ ತಾಸು ಮಾತಾಡಿದರು. ಪಕ್ಕದಲ್ಲಿ ಎಲುಬು ಎದ್ದ ಮಕ್ಕಳನ್ನು ಕೂರಿಸಿಕೊಂಡು ಮಕ್ಕಳ ವಿಷಯವೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿದರು.

ಹಣಮಂತಪ್ಪನವರ ಮಗಳು ಅಶ್ವಿನಿ ನರ್ಸಿಂಗ್ ಓದುತ್ತಿದ್ದಳು. ವಾಡಿಯಿಂದ ಬಂದಿದ್ದ ಕಮಲಾ ಟೀಚರ್ ಸರಕಾರಿ ಶಾಲೆಯಲ್ಲಿದ್ದರು. ಅವರ ಮಗಳು ಪ್ರಜ್ಞಾ. ಚಿಂಚೋಳಿ ಕಡೆಯ ಐನಾಪುರದಿಂದ ಭಾಗ್ಯಶ್ರೀ ಮತ್ತು ಅವಳ ಅಪ್ಪ. ಭಾಗ್ಯಶ್ರೀಯ ಕಷ್ಟ ನನ್ನದಕ್ಕೆ ತಿರುಗುಮುರುಗು. ಅವಳು ಯಾರೂ ಇಲ್ಲದಾಗ ತಡೆಯಲಾಗದೆ ತಿಂದು, ಆಮೇಲೆ ನಾಚಿಕೆಯಿಂದ ಸಾಯುತ್ತಿದ್ದಳು. ಹೊರಗಿನಿಂದ ಬೇರೆ ಬೇರೆ ಕಂಡರೂ ಅವಳ ನಾಚಿಕೆಯ ಗುರುತು ನನಗೆ ತಕ್ಷಣ ಸಿಕ್ಕಿತು.

ಗುಂಪು ನಡೆಸುತ್ತಿದ್ದ ಶೈಲಜಾ ಮೇಡಂ ಮೊದಲ ದಿನವೇ ಹೇಳಿದರು: 'ತಪ್ಪು ಯಾರ್ದು ಅಂತ ಹುಡುಕಲಾಕ ನಾವಿಲ್ಲಿ ಕೂಡಿಲ್ರಿ. ಅದನ್ನ ಮನ್ಯಾಗ ಭಾಳ ದಿನ ಮಾಡೀರಿ, ಉಪಯೋಗ ಆಗಿಲ್ಲ.'

ಕಮಲಾ ಟೀಚರ್ ಜೋರಾಗಿ ನಕ್ಕುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, 'ನಾವು ಬುದ್ಧನ್ನ ನಂಬಿದ ಮನಿಯವರ್ರಿ. ಮಧ್ಯಮ ಮಾರ್ಗದ ಪಾಠ ಸಾಲ್ಯಾಗ ಎಷ್ಟೋ ಹುಡುಗ್ರಿಗೆ ಹೇಳ್ತೀನಿ. ಮನ್ಯಾಗ ಒಬ್ಬಾಕಿಗೆ ಹೇಳಲಾಕ ಬರಲಿಲ್ಲ,' ಅಂದರು.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಕಮಲಾ ಟೀಚರ್ ತಮ್ಮ ಡಬ್ಬಿಯಿಂದ ಬದನೆಕಾಯಿ ಪಲ್ಯ ತೆಗೆದು ಅವ್ವನತ್ತ ಸರಿಸಿದರು. ಬುದ್ಧನನ್ನು ನಂಬಿದ ಮನೆಯವರೆಂದರೆ ಯಾವ ಕೇರಿಯವರು ಎಂದು ಅವ್ವನಿಗೆ ಗೊತ್ತಿತ್ತು; ಅವಳ ಕೈ ಒಂದು ಗಳಿಗೆ ನಿಂತಿತು. 'ಇವತ್ತು ನಂದು ಒಪ್ಪತ್ತರಿ,' ಅಂದಳು. ಶನಿವಾರ ಅವ್ವ ಎಂದೂ ಒಪ್ಪತ್ತು ಮಾಡಿದವಳಲ್ಲ. ಕೈ ನಿಂತಿದ್ದನ್ನು ನಾನು ನೋಡಿದೆ. ಕಮಲಾ ಟೀಚರೂ ನೋಡಿದರು. ಡಬ್ಬಿಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಸುಳ್ಳು ಹೇಳಿ ಊಟ ತಪ್ಪಿಸುವ ವಿದ್ಯೆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ನಾಲ್ಕನೆಯ ಶನಿವಾರ ಶೈಲಜಾ ಮೇಡಂ ಹೊಸ ಪದ್ಧತಿ ಹೇಳಿದರು. 'ಇವತ್ತು ಊಟಕ್ಕ ನಿಮ್ಮ ನಿಮ್ಮ ಮಕ್ಕಳ ಸನೇಕ ಕುಂದ್ರಬ್ಯಾಡ್ರಿ. ಒಬ್ಬರ ಮಕ್ಕಳ ಜೋಡಿ ಇನ್ನೊಬ್ಬರು.'

ನಾನು ಕಮಲಾ ಟೀಚರ್ ಪಕ್ಕಕ್ಕೆ ಹೋದೆ. ಅಪ್ಪ ಅಶ್ವಿನಿಯ ಪಕ್ಕಕ್ಕೆ. ಅದು ಸಣ್ಣ ಕೋಣೆ. ನನ್ನ ಬೆನ್ನ ಹಿಂದೆಯೇ ಅವರಿದ್ದರು. ಟೀಚರ್ ಹೆಚ್ಚು ಮಾತಾಡಲಿಲ್ಲ, ಹಾಗಾಗಿ ಅಪ್ಪನ ಮಾತೆಲ್ಲ ಕೇಳಿಸುತ್ತಿತ್ತು. ಮೊದಲು ಅವಳ ಓದಿನ ಬಗ್ಗೆ ಕೇಳಿದ. ಆಮೇಲೆ ಅಂದ:

'ಯವ್ವಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ತುತ್ತು ಕೈಯಾಗ ಹಿಡದಾಗ ನಿನಗ ಖರೇನೇ ಏನಾಗ್ತದ?'

ಅಶ್ವಿನಿ ತಡೆದು ತಡೆದು ಹೇಳಿದಳು. 'ಹಸಿವಿ ಇಲ್ಲಂತಲ್ರಿ ಕಾಕಾ. ಹಸಿವಿ ಭಾಳ ಆಗ್ತದ. ಆದ್ರ ತುತ್ತು ಹಿಡದ್ರ ಒಳಗಿಂದ ಯಾರೋ ಬೈಲಿಕತ್ತಂಗ ಆಗ್ತದ, ನಾಚಿಕಿ ಇಲ್ಲೇನು ನಿನಗ ಅಂತ. ಹೊರಗ ಅಪ್ಪ ತಿನ್ನು ಅಂತ ಬೈತಾನ, ಒಳಗ ಅದು ತಿನ್ನಬ್ಯಾಡ ಅಂತ ಬೈತದ. ಇಬ್ಬರೂ ಕೂಡೇ ಬೈದ್ರ ನಾ ಎಲ್ಲಿ ಹೋಗ್ಲಿ?'

ನನ್ನ ಕೈಯಲ್ಲಿದ್ದ ರೊಟ್ಟಿಯ ಚೂರು ಹಾಗೇ ಉಳಿಯಿತು. ಎರಡು ವರ್ಷದಿಂದ ನನಗೆ ಹೇಳಲು ಬಾರದ ಮಾತನ್ನು ಯಾರದೋ ಮಗಳು ನನ್ನ ಅಪ್ಪನಿಗೆ ಹೇಳುತ್ತಿದ್ದಳು.

'ಹಂಗಾದ್ರ ನಾ ಏನಂದ್ರ ನಿನಗ ಹಗುರ ಆಗ್ತದವ್ವಾ?' ಅಪ್ಪನ ದನಿ ನನಗೆ ಗುರುತೇ ಸಿಗದಷ್ಟು ಸಣ್ಣದಾಗಿತ್ತು.

'ಏನೂ ಅನ್ನಬ್ಯಾಡ್ರಿ. ಸುಮ್ಮ ಸನೇಕ ಕುಂದ್ರಿ. ನಂದು ಮುಗಿಯೋತನಕ ಏಳಬ್ಯಾಡ್ರಿ.'

ಅಪ್ಪ ಕುಳಿತ. ಅಶ್ವಿನಿಯ ಊಟ ಮುಗಿಯಲು ಒಂದು ತಾಸಾಯಿತು. ಅಷ್ಟೂ ಹೊತ್ತು, ಬೀಡಿಗೂ ಹೊರಗೆ ಹೋಗದೆ ಕುಳಿತ. ಕಮಲಾ ಟೀಚರ್ ನನ್ನ ಕೆನ್ನೆಯ ಮೇಲಿನ ನೀರು ನೋಡಿ ಕರವಸ್ತ್ರ ಕೊಟ್ಟರು, ಮತ್ತು ಬದನೆಕಾಯಿ ಪಲ್ಯ ಬಡಿಸಿದರು. ಆ ಪಲ್ಯವನ್ನು ಪೂರ್ತಿ ತಿನ್ನಲಾಗಲಿಲ್ಲ. ಅರ್ಧ ತಿಂದೆ.

ವಾಪಸು ಬರುವ ರೈಲಿನಲ್ಲಿ ಅವ್ವ ತೂಕಡಿಸುತ್ತಿದ್ದಳು. ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ.

'ಶರಣು, ಆ ಹುಡುಗಿ ಹೇಳಿದ್ಳಲ್ಲ. ನಿನಗೂ ಹಂಗೇ ಆಗ್ತದೇನು?'

'ಹೂಂ.'

'ಮತ್ತ ನನಗ್ಯಾಕ ಹೇಳಲಿಲ್ಲ?'

'ನೀ ಕೇಳಲಿಲ್ಲ.'

ಅಪ್ಪ ತಲೆಯಾಡಿಸಿದ, ಅಷ್ಟೆ. ಮರತೂರು ಸ್ಟೇಷನ್ ದಾಟಿತು. ಶಹಾಬಾದ್ ಬಂದು, ಇಳಿಯಲು ಚೀಲ ಎತ್ತಿಕೊಳ್ಳುವ ಗಡಿಬಿಡಿಯಲ್ಲಿ, ನನ್ನ ಮುಖ ನೋಡದೆ ಅಂದ: 'ಆವತ್ತು ತಾಟು ಒಗದೆ. ತಪ್ಪಾತು.'

ಮಾರನೆಯ ದಿನದಿಂದ ಅಪ್ಪ ಮಧ್ಯಾಹ್ನ ಊಟಕ್ಕೆ ಮನೆಗೆ ಬರತೊಡಗಿದ. ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಇದ್ದ ನನ್ನ ಪಕ್ಕದಲ್ಲಿ ಕೂರುತ್ತಿದ್ದ. ಯಾವ ಕಲ್ಲು ಎಲ್ಲಿ ಬಿರುಕು ಬಿಟ್ಟಿತು, ಯಾರ ಲಾರಿ ಕೆಟ್ಟು ನಿಂತಿತು ಎಂದು ಹೇಳುತ್ತಿದ್ದ. ಊಟದ ಮಾತು ಎತ್ತುತ್ತಿರಲಿಲ್ಲ. ಇದರಿಂದ ನಾನು ತಕ್ಷಣ ಗುಣವಾದೆ ಎಂದರೆ ಸುಳ್ಳಾಗುತ್ತದೆ. ಎಷ್ಟೋ ದಿನ ಅವನನ್ನು ದ್ವೇಷಿಸಿದೆ. ಏಳಲಿ, ಹೋಗಲಿ, ನನ್ನನ್ನು ಬಿಡಲಿ ಎಂದು ಹಲ್ಲು ಕಚ್ಚಿದೆ. ಒಮ್ಮೆ ಕಿರುಚಿಯೂ ಬಿಟ್ಟೆ. ಅವನು ಏಳಲಿಲ್ಲ.

ಎರಡು ತಿಂಗಳಾಗಿರಬೇಕು, ಐನಾಪುರದವರು ಬರುವುದು ನಿಂತಿತು. ಒಂದು ಶನಿವಾರ ಖಾಲಿ, ಎರಡನೆಯದೂ ಖಾಲಿ. ಮೇಡಂ ಫೋನು ಮಾಡಿದರೆ ಎತ್ತಲಿಲ್ಲ. ಆಮೇಲೆ ಭಾಗ್ಯಶ್ರೀ ಪ್ರಜ್ಞಾಗೆ ಒಂದು ಸಾಲು ಕಳಿಸಿದಳು: 'ಹುಚ್ಚರ ದವಾಖಾನೆಗೆ ಹೋಗ್ತಾಳ ಅಂತ ಊರಾಗ ಗೊತ್ತಾಗ್ಯಾದ. ಆಯಿ ಕಳಸಂಗಿಲ್ಲ ಅಂತಾಳ. ನನಗ ಭಾಳ ಕಷ್ಟ ಆಗ್ಲಿಕತ್ತದ.'

ಮೇಡಂ ತಾವು ಹೋದರೆ ಊರವರ ಮಾತಿಗೆ ಇನ್ನಷ್ಟು ಇಂಬು ಸಿಗುತ್ತದೆ ಎಂದು ಯೋಚಿಸುತ್ತಿದ್ದರು. ಕಮಲಾ ಟೀಚರ್, 'ನಾ ಹೋಗ್ತೀನ್ರಿ, ತಾಯಿ ಆಗಿ,' ಅಂದರು. ಅವ್ವ ಮರುದಿನ ಬೆಳಿಗ್ಗೆ ಸೀರೆ ಉಟ್ಟು ನನ್ನನ್ನು ಎಬ್ಬಿಸಿದಳು. 'ನಡಿ, ಆ ಟೀಚರ್ ಬಾಯಿ ಒಬ್ಬಾಕೀನೇ ಹ್ಯಾಂಗ ಹೋಗ್ತಾಳ?'

ಇಲ್ಲೊಂದು ಮಾತು ಹೇಳಬೇಕು. ಅಲ್ಲಿಯವರೆಗೆ ಅವ್ವ ನನ್ನ ಕಾಯಿಲೆಯನ್ನು ಯಾರಿಗೂ ಹೇಳಿರಲಿಲ್ಲ. ತನ್ನ ಸ್ವಂತ ತಂಗಿಗೆ ಕೂಡ 'ಹೊಟ್ಟಿ ಹುಣ್ಣು' ಎಂದಿದ್ದಳು. ಶನಿವಾರ ಎಲ್ಲಿಗೆ ಎಂದು ಕೇಳಿದವರಿಗೆ 'ಮಗಳ ಮನಿಗಿ' ಎನ್ನುತ್ತಿದ್ದಳು.

ಚಿಂಚೋಳಿಗೆ ಒಂದು ಬಸ್ಸು, ಅಲ್ಲಿಂದ ಐನಾಪುರಕ್ಕೆ ಇನ್ನೊಂದು. ಭಾಗ್ಯಶ್ರೀಯ ಮನೆಯ ಅಂಗಳದಲ್ಲಿ ಅವಳ ಆಯಿ ತೊಗರಿ ಹಸನು ಮಾಡುತ್ತ ಕುಳಿತಿದ್ದಳು. ನಮ್ಮನ್ನು ಒಳಗೆ ಕರೆಯಲಿಲ್ಲ. 'ದವಾಖಾನಿ ಅಂತ? ಯಾವ ದವಾಖಾನಿ? ನಮ್ಮ ಹುಡುಗಿಗಿ ಏನೂ ಆಗಿಲ್ಲ. ಹೋಗ್ರಿ,' ಅಂದಳು. ಗಟ್ಟಿಯಾಗಿಯೇ ಅಂದಳು. ಪಕ್ಕದ ಮನೆಯ ಮೂವರು ಹೆಂಗಸರು ಬಾಗಿಲಿಗೆ ಬಂದು ನಿಂತರು. ಕಮಲಾ ಟೀಚರ್ ಮೆತ್ತಗೆ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅವ್ವ ಆ ಮುದುಕಿಯ ಎದುರು ನೆಲದ ಮೇಲೆ ಕುಳಿತೇಬಿಟ್ಟಳು.

'ಆಯಿ, ಇವ ನನ್ನ ಮಗ. ನೋಡ್ರಿ ಇವನ್ನ. ಎರಡು ವರ್ಷ ಉಣಲಿಲ್ಲ. ತಾಟು ಕಂಡ್ರ ಅಂಜತಿದ್ದ. ಮಂದಿ ಏನಂತಾರ ಅಂತ ನಾ ಮುಚ್ಚಿಟ್ಟೆ. ಮುಚ್ಚಿಟ್ಟು ಮುಚ್ಚಿಟ್ಟು ಟೇಸನ್ನಾಗ ಹೆಣದಂಗ ಬಿದ್ದ.'

ಪಕ್ಕದ ಹೆಂಗಸರಿಗೂ ಕೇಳುವಂತೆ ಹೇಳಿದಳು. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನಿಸಿತು.

ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. 'ಹಿಂಗ ಊರಿಗೆಲ್ಲ ಹೇಳಿದ್ರ ನಿನ್ನ ಹುಡುಗಗ ಹೆಣ್ಣು ಯಾರು ಕೊಡ್ತಾರ?'

'ಕೊಡದಿದ್ರ ಬಿಡ್ಲಿ. ಮದಲ ಹುಡುಗ ಉಳೀಬೇಕಲ್ಲ, ಆಯಿ.'

ಮುದುಕಿಯ ಕೈ ತೊಗರಿಯ ಮೊರದ ಮೇಲೆ ನಿಂತಿತು. ಭಾಗ್ಯಶ್ರೀ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಎಂದು ಆಮೇಲೆ ಗೊತ್ತಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಚಹಾ ತಂದಳು. ಆಯಿ ಬೇಡ ಅನ್ನಲಿಲ್ಲ.

ವಾಪಸು ಬರುವಾಗ ಚಿಂಚೋಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಡ. ಹಸಿವಾಗಿತ್ತು. ಕಮಲಾ ಟೀಚರ್ ಚೀಲದಿಂದ ಡಬ್ಬಿ ತೆಗೆದು, ಮೊದಲ ದಿನದ ನೆನಪಿಗೋ ಏನೋ, ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಬಿಚ್ಚಿದರು. ಅವ್ವ ಕೈಚಾಚಿ ರೊಟ್ಟಿ ಮುರಿದುಕೊಂಡಳು. ಪಲ್ಯ ಹಚ್ಚಿಕೊಂಡು ಒಂದು ತುತ್ತು ತಾನು ತಿಂದಳು, ಇನ್ನೊಂದನ್ನು ನನಗೆ ಕೊಟ್ಟಳು. 'ಉಪ್ಪು ಜರಾ ಕಡಿಮಿ ಆಗ್ಯಾದ ನೋಡ್ರಿ ಟೀಚರ್,' ಅಂದಳು. ಕಮಲಾ ಟೀಚರ್ ನಗುತ್ತ ನಗುತ್ತ ಮುಖ ಆಕಡೆ ತಿರುಗಿಸಿಕೊಂಡರು. ಆ ದಿನ ನಾನು ಎಣಿಸದೆ, ಅಳೆಯದೆ ತಿಂದೆ. ಬಹಳ ದಿನಗಳಲ್ಲಿ ಮೊದಲ ಸಲ.

ಐನಾಪುರದವರು ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮೂರನೆಯ ಶನಿವಾರ ಬಂದರು. ಅಪ್ಪ, ಮಗಳು ಮತ್ತು ಆಯಿ. ಆಯಿ ಎಲ್ಲರಿಗೂ ಸಾಕಾಗುವಷ್ಟು ಶೇಂಗಾದ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಮೇಡಂ ಉಳಿದದ್ದೆಲ್ಲ ಬಿಟ್ಟು ಆ ದಿನ ಹೋಳಿಗೆಯ ಭಯದ ಬಗ್ಗೆಯೇ ಮಾತಾಡಿಸಬೇಕಾಯಿತು.

ಆಮೇಲಿನ ದಾರಿ ನೆಟ್ಟಗಿರಲಿಲ್ಲ. ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಗುಟ್ಟಾಗಿ ಮತ್ತೆ ಓಡತೊಡಗಿದೆ, ಮತ್ತೆ ಸುಳ್ಳು ಹೇಳತೊಡಗಿದೆ. ಮತ್ತೆ ಒಂದು ವಾರ ದವಾಖಾನೆ. ಹಾಸಿಗೆಯಲ್ಲಿದ್ದಾಗ ಪ್ರಜ್ಞಾಳ ಸಂದೇಶ ಬಂತು: 'ನಾನೂ ಎರಡು ಸಲ ಹಿಂಗೇ ಬಿದ್ದೀನಿ. ಬಿದ್ದದ್ದಕ್ಕ ನಾಚಬ್ಯಾಡ. ಮುಚ್ಚಿಡಬ್ಯಾಡ ಅಷ್ಟೇ.' ಆ ಮೊಬೈಲನ್ನು ಹಾಗೇ ಅಪ್ಪನ ಕೈಗೆ ಕೊಟ್ಟೆ. ಓದಿದ. ಓಡಿದ್ದು, ಬಚ್ಚಿಟ್ಟದ್ದು, ಎಲ್ಲವನ್ನೂ ಅವನಿಗೆ ಹೇಳಿದೆ. ಸಿಟ್ಟಾಗಲಿಲ್ಲ ಎನ್ನಲಾರೆ. ಎದ್ದು ಹೊರಗೆ ಹೋದ. ಹತ್ತು ನಿಮಿಷದಲ್ಲಿ ಎರಡು ಕಪ್ ಚಹಾ ತಂದು ಪಕ್ಕದಲ್ಲಿ ಕುಳಿತ.

ಆ ಮೊದಲ ಶನಿವಾರ ಕಳೆದು ಈಗ ನಾಲ್ಕು ವರ್ಷ. ಚಿತ್ತಾಪುರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಶ್ವಿನಿ ನರ್ಸ್ ಆಗಿದ್ದಾಳೆ. ಭಾಗ್ಯಶ್ರೀ ಇನ್ನೂ ಮಾತ್ರೆ ತೆಗೆದುಕೊಳ್ಳುತ್ತಾಳೆ, ನಗುವುದು ಹೆಚ್ಚಾಗಿದೆ. ಮದುವೆಯ ಪಂಕ್ತಿಯಲ್ಲಿ ಕುಳಿತರೆ ನನಗೆ ಈಗಲೂ ಎದೆ ಬಡಿಯುತ್ತದೆ; ಆಗ ಪಕ್ಕದಲ್ಲಿದ್ದವರಿಗೆ ಹಾಗೆ ಅಂತ ಹೇಳಿಬಿಡುತ್ತೇನೆ. ಇದನ್ನು ಓದುತ್ತಿರುವ ನಿಮ್ಮ ಒಳಗೂ ಯಾರೋ ಬೈಯುತ್ತಿದ್ದರೆ, ಒಬ್ಬರಿಗೆ ಹೇಳಿ. ಮೊದಲನೆಯವರಿಗೆ ತಿಳಿಯದಿದ್ದರೆ ಎರಡನೆಯವರಿಗೆ ಹೇಳಿ.

ಹೋದ ತಿಂಗಳು ಶೈಲಜಾ ಮೇಡಂ ಫೋನು ಮಾಡಿ, ಹೊಸ ಗುಂಪು ಶುರುವಾಗುತ್ತಿದೆ, ಒಂದು ಶನಿವಾರ ಬಂದು ಮಾತಾಡುತ್ತೀರಾ ಎಂದು ಕೇಳಿದರು. ನಾನು ಹೊರಟಾಗ ಅಪ್ಪನೂ ಅಂಗಿ ಹಾಕಿಕೊಂಡು ಹೊರಟ. ನಾವು ಹೋದಾಗ ಬಾಗಿಲಿನ್ನೂ ತೆರೆದಿರಲಿಲ್ಲ. ಬೆಂಚಿನ ಮೇಲೆ ಸೇಡಂ ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಬಂದು ಕುಳಿತಿದ್ದರು. ಹುಡುಗಿ ಬೇಸಿಗೆಯಲ್ಲೂ ಶಾಲು ಹೊದ್ದಿದ್ದಳು. ಆ ಮನುಷ್ಯ ಅಪ್ಪನನ್ನು ನೋಡಿ, ಮಗಳಿಗೆ ಕೇಳದಂತೆ ದನಿ ತಗ್ಗಿಸಿ ಕೇಳಿದರು.

'ನಿಮ್ಮ ಹುಡುಗಗ ಎಷ್ಟು ದಿನಕ್ಕ ಆರಾಮಾತ್ರಿ?'

ಅಪ್ಪ ಅವರ ಪಕ್ಕದಲ್ಲಿ ಕುಳಿತುಕೊಂಡ.

'ದಿನ ಎಣಿಸಿಲ್ರಿ,' ಅಂದ. 'ನಮಗ ಇನ್ನೂ ಆರಾಮ ಆಗ್ಲಿಕತ್ತದ.'